ಕೂಸಿಗೆ ಓದಿ ಹೇಳಿದವಳು

ಕುದೇರಿನ ಮಾರಯ್ಯನ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಕೂಸು ಅಳಲು ಶುರುಮಾಡಿತೆಂದರೆ ಬೀದಿಯ ಆ ತುದಿಯವರೆಗೂ ಕೇಳಿಸುತ್ತಿತ್ತು. ತಾಯಿಯಿಲ್ಲದ ಕೂಸು. ಮಾರಯ್ಯನ ಹಿರಿಯ ಮಗಳು ಕುಮಾರಿ ಹೆರಿಗೆಗೆಂದು ತವರಿಗೆ ಬಂದವಳು, ಹೆತ್ತ ಎರಡನೆಯ ವಾರದಲ್ಲಿ ಜ್ವರ ಹಿಡಿದು ತೀರಿಕೊಂಡಿದ್ದಳು. ಕೂಸು ಅಜ್ಜಿಯ ಮನೆಯಲ್ಲೇ ಉಳಿಯಿತು. ಅಜ್ಜಿ ಮಲ್ಲಿಗಮ್ಮ ಅದನ್ನು ಎತ್ತಿಕೊಂಡು ಅಂಗಳವೆಲ್ಲ ತಿರುಗುತ್ತಿದ್ದಳು, ಹೊಟ್ಟೆಗೆ ಇಂಗಿನ ನೀರು ಸವರುತ್ತಿದ್ದಳು, ಸೀರೆಯ ಜೋಲಿಯಲ್ಲಿ ಹಾಕಿ ತೂಗುತ್ತಿದ್ದಳು. ಯಾವುದಕ್ಕೂ ಅದು ಬಗ್ಗುತ್ತಿರಲಿಲ್ಲ.

ಸುಮ್ಮನಾಗಿಸುವ ಬಗೆ ಗೊತ್ತಾದದ್ದು ಕಿರಿಯ ಮಗಳು ಭಾನುವಿನಿಂದ. ಅವಳು ದಿನವೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬಿ.ಎಡ್. ಓದುತ್ತಿದ್ದಳು. ಬಂದ ಮೇಲೆ ಕಸ, ನೀರು, ಪಾತ್ರೆ, ಕೂಸು. ಓದಲು ಹೊತ್ತೇ ಸಿಗುತ್ತಿರಲಿಲ್ಲ. ಒಂದು ಸಂಜೆ ಬೇರೆ ದಾರಿ ಕಾಣದೆ, ಚೀರುವ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ನೋಟ್ಸು ಕೈಯಲ್ಲಿ ಹಿಡಿದು, ಅಳುವನ್ನೂ ಮೀರಿಸುವ ದನಿಯಲ್ಲಿ ಓದತೊಡಗಿದಳು.

"ಕಲಿಕೆ ಎಂದರೆ ಅನುಭವದಿಂದ ವರ್ತನೆಯಲ್ಲಿ ಉಂಟಾಗುವ ಬದಲಾವಣೆ..."

ಅಳು ನಿಂತಿತು. ಕೂಸು ಅವಳ ಬಾಯನ್ನೇ ನೋಡುತ್ತಿತ್ತು.

ಮಲ್ಲಿಗಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. "ಏನಮ್ಮಿ ಅಂದೆ ಅದ್ಕೆ?"

"ನಾಳೆ ಟೆಸ್ಟು ಕಣವ್ವ. ಅದ್ನೇ ಓದ್ದೆ."

"ಇನ್ನೊಂದ್ಸಲ ಓದು."

ಓದಿದಳು. ಕೂಸಿನ ರೆಪ್ಪೆ ಭಾರವಾಯಿತು. ಜಗಲಿಯಲ್ಲಿ ಕಾಲಿನ ಮಣ್ಣು ತೊಳೆದುಕೊಳ್ಳುತ್ತಿದ್ದ ಮಾರಯ್ಯ, "ಮೊಮ್ಮಗಳೂ ಬಿ.ಎಡ್. ಮಾಡ್ತಾ ಅವ್ಳೆ ಕಣ, ಫೀಸಿಲ್ದೆ" ಅಂದ. ಕುಮಾರಿ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ತಮಾಷೆ ಮಾಡಿದ್ದು ಅದೇ ಮೊದಲು.

ಅಂದಿನಿಂದ ಸಂಜೆಯ ಓದು ಮನೆಯ ಪದ್ಧತಿಯಾಯಿತು. ಅಂಗನವಾಡಿಯ ಚಂದ್ರಮತಿ ಕೂಸಿನ ತೂಕ ನೋಡಲು ಬಂದವಳು ಇದನ್ನು ಕಂಡು ಖುಷಿಪಟ್ಟು, ಮಾರನೆಯ ದಿನ ಗಟ್ಟಿ ಹಾಳೆಯ ಎರಡು ಚಿತ್ರದ ಪುಸ್ತಕ ತಂದುಕೊಟ್ಟಳು. "ನೋಟ್ಸ್ ಜೊತೆ ಇದನ್ನೂ ಓದಮ್ಮ. ಮಗು ಚಿತ್ರ ನೋಡ್ಲಿ, ಮುಟ್ಲಿ. ಕಚ್ಚಿದ್ರೆ ಬೈಬೇಡ, ಅದು ಓದೋದೇ ಹಾಗೆ."

ಒಂದು ಪುಸ್ತಕದಲ್ಲಿ ಆನೆಯ ಬೆನ್ನ ಮೇಲೆ ಕೂತ ಕಾಗೆಯ ಕಥೆಯಿತ್ತು. ಕೂಸು ಆನೆಯ ಸೊಂಡಿಲಿನ ಕಡೆಯಿಂದ ಪುಸ್ತಕ ತಿನ್ನಲು ಶುರುಮಾಡಿತು. ಭಾನು ಕಾಗೆಯಂತೆ ಕೂಗಿದರೆ ಕೈಕಾಲು ಬಡಿಯುತ್ತಿತ್ತು. ಆನೆಯ ಪುಟ ಬಂದರೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು.

"ಕಣ್ ಬುಡದ ಕೂಸ್ಗೆ ಪುಸ್ಕ ಅಂತೆ!" ಎಂದು ನಲ್ಲಿಯ ಹತ್ತಿರ ನಕ್ಕವರಿದ್ದರು. ಮಲ್ಲಿಗಮ್ಮ ಅವರಿಗೆ, "ಕಣ್ ಬುಟ್ಟೀರೋ ನೀವೇನ್ ಓದೀರಿ?" ಎಂದು ಬಿಂದಿಗೆ ಎತ್ತಿಕೊಂಡು ಬಂದಿದ್ದಳು. ಮನೆಗೆ ಬಂದು ಮಾತ್ರ, "ಓದಿದ್ದು ಸಾಕು, ಪಾತ್ರೆ ಕಾಯ್ತವೆ" ಎಂದಳು.

*

ಕೂಸಿಗೆ ಆರು ತಿಂಗಳು ತುಂಬಿದ ವಾರ ಗುಂಡ್ಲುಪೇಟೆಯಿಂದ ಬೀಗಿತ್ತಿ ಮರಿತಾಯಮ್ಮ ಬಂದಳು. ಕುಮಾರಿಯ ಗಂಡ ಶಾಂತರಾಜುವಿನ ತಾಯಿ. ಮೊಣಕಾಲು ನೋವಿನ ಹೆಂಗಸು, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, ಚೀಲದ ತುಂಬ ಬದನೆಕಾಯಿ, ಅವರೆಕಾಯಿ ಹೊತ್ತು ತಂದಿದ್ದಳು. ಸಂತೆಯಲ್ಲಿ ಕೊಂಡ ಹಳದಿ ಫ್ರಾಕನ್ನು ಕೂಸಿನ ಮೈಗೆ ಹಿಡಿದು ನೋಡಿ, "ಇನ್ನೆರಡ್ ತಿಂಗ್ಳಿಗೆ ಸರಿಯಾಯ್ತದ" ಎಂದು ಮಡಿಸಿಟ್ಟಳು.

ಊಟಕ್ಕೆ ಕೂತಾಗ ಮಾತು ತೆಗೆದಳು. ಹಿಟ್ಟಿನ ಮುದ್ದೆ, ಹುರುಳಿಕಾಳಿನ ಸಾರು. ಭಾನು ಬಡಿಸುತ್ತಿದ್ದಳು.

"ವರ್ಸ ತುಂಬೋದ್ರೊಳಗೆ ಶಾಂತನ್ಗೆ ಒಂದು ಮದ್ವೆ ಮಾಡ್ಬೇಕು ಬೀಗಿತ್ತಿ. ಬಸ್ ಓಡ್ಸಿ ಬಂದು ತಾನೇ ಬೇಯಿಸ್ಕತಾನೆ. ನನ್ ಕೈಲಿ ಆಗಕಿಲ್ಲ."

"ಮಾಡಿ. ನಾವ್ ಬ್ಯಾಡ ಅಂದವಾ?" ಅಂದಳು ಮಲ್ಲಿಗಮ್ಮ.

"ಹೊರಗಿಂದ ಒಬ್ಳನ್ನ ತಂದ್ರೆ ಈ ಕೂಸಿನ್ ಗತಿ? ಅಕ್ಕನ್ ಕೂಸು ತಂಗಿ ಮಡ್ಲಲ್ಲಿ ಬೆಳೆದ್ರೆ ಯಾರೂ ಮಲತಾಯಿ ಅನ್ನಕಿಲ್ಲ."

ಭಾನು ಸೌಟನ್ನು ಸಾರಿನಲ್ಲೇ ಬಿಟ್ಟಳು. "ಅತ್ತೆ, ನಂದು ಇನ್ನೊಂದು ಸೆಮಿಸ್ಟರ್ ಅದ. ಆಮೇಲೆ ಟೀಚರ್ ಕೆಲ್ಸಕ್ಕೆ ಪರೀಕ್ಷೆ ಬರೀಬೇಕು. ನಾನು ಈಗ ಮದ್ವೆ ಆಗಕಿಲ್ಲ. ಬಾವನ್ನಂತೂ ಆಗಕಿಲ್ಲ. ಅವ್ರು ನಂಗೆ ಅಣ್ಣ ಇದ್ದಂಗೆ."

"ಅಣ್ಣ ಅಂದ್ಬುಟ್ರೆ ಅಣ್ಣ ಆಗೋಯ್ತನಾ? ಬಾವ ಬಾವನೇ ಕಣಮ್ಮಿ."

"ಅವ್ಳಿಗ್ ಇಷ್ಟ ಇಲ್ದಿದ್ರೆ..." ಎಂದು ಮಾರಯ್ಯ ಶುರುಮಾಡಿದ.

"ನಂಗೆ ಮಾತ್ರ ಇಷ್ಟವಾ ಅಣ್ಣ? ಬಂಗಾರದಂತ ಸೊಸೆ ಕಳ್ಕಂಡೋಳು ನಾನು."

ಒಳಗೆ ಕೂಸು ಎದ್ದು ಅತ್ತಿತು. ಮರಿತಾಯಮ್ಮ ಎಂಜಲು ಕೈ ತೊಳೆದು, ಗೋಡೆ ಹಿಡಿದು ಎದ್ದು, ತಾನೇ ಹೋಗಿ ಎತ್ತಿಕೊಂಡಳು. ಅಳು ಜೋರಾಯಿತು. ಮುಖ ನೀಲಿಗಟ್ಟುವಂತಾದಾಗ ಭಾನು ಹೋಗಿ ಈಸಿಕೊಂಡು, "ಕಾಗೆ ಬಂತು, ಕಾಗೆ ಕೂತಿತು" ಎನ್ನುತ್ತಿದ್ದಂತೆ ಕೂಸು ಬಿಕ್ಕುತ್ತ ಬಿಕ್ಕುತ್ತ ತಣ್ಣಗಾಯಿತು.

"ನೋಡ್ದಾ," ಅಂದಳು ಮರಿತಾಯಮ್ಮ, ಕೋಪವಿಲ್ಲದೆ. "ನಾನ್ ಏನ್ ಹೇಳ್ದೆ, ಕೂಸೂ ಅದ್ನೇ ಹೇಳ್ತದ."

*

ಮಾರನೆಯ ಬೆಳಿಗ್ಗೆ ಒಲೆಯ ಮುಂದೆ ತಾಯಿ ಮಗಳಿಗೆ ಜಗಳ ಹತ್ತಿತು.

"ನೀನೇ ಮಾಡ್ಕಂಡಿದ್ದು ಕಣಮ್ಮಿ. ನಿನ್ ದನಿ ಇಲ್ದೆ ಅದು ಉಣ್ಣಕಿಲ್ಲ, ಮಲಗಕಿಲ್ಲ. ಕಂಡೋರು ಏನಂದ್ಕಂಡಾರು?"

"ಅಳೋ ಕೂಸ್ನ ಸುಮ್ನಾಗಿಸಿದ್ದು ತಪ್ಪಾ ಅವ್ವ?"

"ತಪ್ಪು ಅಂದ್ನಾ? ಆಗೋಗದ ಅಂದೆ."

"ಆಗೋದ್ನ ಬದ್ಲಾಯಿಸ್ಬೋದು. ನನ್ ದನಿ ಕಲ್ತಂಗೆ ಇನ್ನೊಬ್ರ ದನೀನೂ ಕಲೀತದ."

ಭಾನು ಆ ಕೆಲಸಕ್ಕೇ ಇಳಿದಳು. ಮೊದಲು ತಾಯಿಗೆ ಪುಸ್ತಕ ಕೊಟ್ಟಳು. ಮಲ್ಲಿಗಮ್ಮನಿಗೆ ಅಕ್ಷರ ಬಾರದು. ಚಿತ್ರ ನೋಡಿಕೊಂಡು, "ಇದು ಗೋಪಾಲಸ್ವಾಮಿ ಬೆಟ್ಟದ ಆನೆ, ಇದ್ಕೆ ಹೊಟ್ಟೆ ಹಸ್ದದ" ಎಂದು ಶುರುಮಾಡಿ, ಆ ಆನೆ ತೋಟಕ್ಕೆ ನುಗ್ಗಿ, ಕಾವಲುಗಾರ ಪಟಾಕಿ ಹೊಡೆಯುವವರೆಗೆ ಹೋದಳು. ಕೂಸು ಚೆನ್ನಾಗಿಯೇ ಕೇಳಿತು. ಆದರೆ ನಿದ್ದೆ ಬಂದ ಕೂಡಲೇ ಭಾನುವಿನ ಕಡೆ ಕುತ್ತಿಗೆ ತಿರುಗಿಸಿ ಅತ್ತಿತು. ಮಾರಯ್ಯ ಮೂರನೇ ಕ್ಲಾಸಿನವರೆಗೆ ಓದಿದವನು. ಕನ್ನಡಕವಿಲ್ಲದೆ, ಪುಸ್ತಕವನ್ನು ಮಾರುದೂರ ಹಿಡಿದು, "ಕಾ... ಗೆ... ಬಂ... ತು" ಎನ್ನುವಷ್ಟರಲ್ಲಿ ಕೂಸು ಸೀನಿತು. "ಸಾಕಂತೆ ಬುಡವ್ವ" ಎಂದು ಪುಸ್ತಕ ಕೊಟ್ಟುಬಿಟ್ಟ.

ಭಾನು ಅಂಗನವಾಡಿಗೆ ಹೋಗಿ ಚಂದ್ರಮತಿಯನ್ನು ಕೇಳಿದಳು. ಅವಳು, "ಅಪ್ಪ ಇದ್ದಾನಲ್ಲಮ್ಮ? ಅಪ್ಪ ಓದ್ಲಿ. ದಪ್ಪ ದನಿ ಮಕ್ಕಳಿಗೆ ಇಷ್ಟ" ಎಂದಳು. ಆ ಮಾತು ಭಾನುವಿಗೆ ಸರಿ ಕಂಡಿತು. ಕೂಸು ಅಪ್ಪನಿಗೆ ಹೊಂದಿಕೊಂಡರೆ ಬಾವನಿಗೆ ಯಾರನ್ನು ತಂದರೇನು, ತನ್ನನ್ನು ಎಳೆಯುವ ಹಗ್ಗವೇ ಇರುವುದಿಲ್ಲ.

ಶಾಂತರಾಜು ಸರ್ಕಾರಿ ಬಸ್ಸಿನ ಡ್ರೈವರು. ವಾರದ ರಜೆಯ ದಿನ ಹಾಲಿನ ಪುಡಿಯ ಡಬ್ಬ ಹಿಡಿದು ಬರುತ್ತಿದ್ದ. ಬಂದವನು ಚಪ್ಪಲಿ ಬಿಟ್ಟು, ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಳ್ಳದೆ ಮಗಳನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದ ಮೇಲೂ ಏನು ಮಾಡಬೇಕೆಂದು ತಿಳಿಯದೆ, ಬೇರೆಯವರ ಸಾಮಾನು ಕೈಗೆ ಬಂದವನಂತೆ ಹಿಡಿದುಕೊಂಡಿರುತ್ತಿದ್ದ.

"ಬಾವ, ಇವತ್ತು ನೀವು ಓದ್ಬೇಕು."

"ನಾನಾ? ಎಸ್ಸೆಸ್ಸೆಲ್ಸಿ ಎರಡ್ ಸಲ ಫೇಲು ಕಣ ಭಾನು."

"ಇದು ಅಷ್ಟು ಕಷ್ಟ ಇಲ್ಲ. ಓದಿ."

ಒಳಗೆ ಒಲೆಯ ಹೊಗೆ. ಜಗಲಿಯ ಮೇಲೆ ಕೂತರು. ಶಾಂತರಾಜು ಗಂಟಲು ಸರಿಮಾಡಿಕೊಂಡು, "ಕಾಗೆ! ಬಂತು! ಆನೆ! ಮೇಲೆ! ಕೂತಿತು!" ಎಂದ. ಕೂಸಿನ ಕೆಳತುಟಿ ಅದುರಿತು.

"ಸ್ಟಾಪ್ ಕೂಗ್ದಂಗೆ ಕೂಗ್ಬೇಡಿ ಬಾವ. ಕೂಸು ಇಳ್ಕಬುಡ್ತದ."

"ಸ್ಟಾಪ್ ಕೂಗೋನು ಕಂಡಕ್ಟ್ರು ಕಣ. ನಾನು ಡ್ರೈವರ್ರು" ಎಂದು ಅವನು ನಕ್ಕ.

ಕೂಸು ಅತ್ತೇಬಿಟ್ಟಿತು. ಆದರೂ ಅವನು ಬಿಡಲಿಲ್ಲ. ಮುಂದಿನ ರಜೆಯಲ್ಲೂ ಓದಿದ, ಅದರ ಮುಂದಿನದರಲ್ಲೂ ಓದಿದ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕಾದು ಪುಟ ತಿರುವಬೇಕು ಎಂದು ಭಾನು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಮೂರನೆಯ ಸಲ ಮೈಸೂರಿನಿಂದ ಒಂದು ಬಟ್ಟೆಯ ಪುಸ್ತಕ ತಂದಿದ್ದ, ಒಗೆಯಬಹುದಾದದ್ದು. "ಟ್ರಿಪ್ಪಿನಲ್ಲಿ ಅರ್ಧ ಗಂಟೆ ಸಿಕ್ತು. ಅಂಗಡಿಯವನು ಎಷ್ಟು ತಿಂಗ್ಳ ಮಗು ಅಂದ. ಹೇಳಕ್ಕೆ ಲೆಕ್ಕ ಹಾಕ್ಬೇಕಾಯ್ತು" ಎಂದು ತಲೆ ತಗ್ಗಿಸಿದ.

ನಲ್ಲಿಯ ಹತ್ತಿರ ಎದುರು ಮನೆಯವಳು ಕೇಳಿದಳು: "ಏನಮ್ಮಿ ಭಾನು, ಬಾವ ನಾದಿನಿ ಒಂದೇ ಪುಸ್ಕ ಓದ್ತಿದ್ರಿ?"

"ಕೂಸ್ಗೆ ಓದ್ತಿದ್ದೊ ಅಕ್ಕ."

"ಊಂ. ಕೂಸ್ಗೇ" ಎಂದು ಅವಳು ಕೊಡ ತೊಳೆಯತೊಡಗಿದಳು. ಭಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೂಸು ಆ ವಾರ ಅಪ್ಪನ ದನಿಗೆ ಅಳದೆ ಪೂರ್ತಿ ನಾಲ್ಕು ಪುಟ ಕೇಳಿತ್ತು. ಅವಳಿಗೆ ಬೇರೇನೂ ಬೇಕಿರಲಿಲ್ಲ.

*

ಮುಂದಿನ ರಜೆಗೆ ಶಾಂತರಾಜುವಿನ ಜೊತೆ ಮರಿತಾಯಮ್ಮನೂ ಬಂದಳು. ಭಾನುವಿಗೆ ಒಳಗೊಳಗೇ ಸಂತೋಷವಾಯಿತು. ತೋರಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ಸಂಜೆ ಕೂಸು ರಾಗ ತೆಗೆದಾಗ ತಾನು ಬೇಕೆಂದೇ ಒಲೆಯ ಹತ್ತಿರ ಉಳಿದಳು.

ಶಾಂತರಾಜು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿದ. ಮೆಲ್ಲಗೆ, ಕೂಸಿನ ತಲೆಗೆ ಗದ್ದ ತಗುಲಿಸಿ. ಅಳು ಸಣ್ಣಗಾಯಿತು. ನಿಂತಿತು. ಮರಿತಾಯಮ್ಮ ಅವರೆಕಾಯಿ ಸುಲಿಯುವುದನ್ನು ಬಿಟ್ಟು ನೋಡಿದಳು. ನಡುವೆ ಒಂದು ಸಾಲಿನಲ್ಲಿ ಶಾಂತರಾಜು ತಡವರಿಸಿದ. ಕೂಸು ಮುಖ ಸೊಟ್ಟ ಮಾಡಿತು. ಇಷ್ಟು ದೂರ ಬಂದು ಕೆಡಬಾರದೆಂದು ಭಾನು ಓಡಿ ಬಂದು ಪಕ್ಕದಲ್ಲಿ ಕೂತು, ಸಾಲಿನ ಮೇಲೆ ಬೆರಳಿಟ್ಟು ಆ ಮಾತನ್ನು ಹೇಳಿಕೊಟ್ಟಳು. ಅವನು ಮುಂದುವರಿಸಿದ. ಕೂಸು ಒಂದು ಕೈಯಲ್ಲಿ ಅಪ್ಪನ ಅಂಗಿಯ ಗುಂಡಿ, ಇನ್ನೊಂದರಲ್ಲಿ ಭಾನುವಿನ ಬೆರಳು ಹಿಡಿದು, ಕೊನೆಯ ಪುಟದ ಹೊತ್ತಿಗೆ ನಿದ್ದೆ ಹೋಯಿತು.

"ನೋಡಿದ್ರಾ ಅತ್ತೆ?" ಅಂದಳು ಭಾನು, ಗೆದ್ದವಳಂತೆ.

"ಕಂಡೆ ಕಣವ್ವ. ಕಣ್ತುಂಬ ಕಂಡೆ." ಮರಿತಾಯಮ್ಮನ ಕಣ್ಣಲ್ಲಿ ನೀರಿತ್ತು. ಎದ್ದು ಬಂದು, ಮೂವರ ಮೇಲೂ ಸೇರಿಸಿ ಕೈ ನಿವಾಳಿಸಿ, ತನ್ನ ಹಣೆಯ ಎರಡು ಬದಿಗೆ ನೆಟಿಗೆ ಮುರಿದುಕೊಂಡಳು. "ಊರ್ ಕಣ್ಣು ಬೀಳ್ದಿರ್ಲಿ."

ಮಲ್ಲಿಗಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಏನೂ ಹೇಳದೆ ಒಳಗೆ ಹೋದಳು. ಭಾನು ಆ ರಾತ್ರಿ ಮುದ್ದೆಯ ಮೇಲೆ ಇನ್ನಷ್ಟು ಸಾರು ಹಾಕಿಸಿಕೊಂಡು ಉಂಡಳು.

*

ಅದರ ಮುಂದಿನ ವಾರ ಶಾಂತರಾಜು ಒಬ್ಬನೇ ಬಂದ. ಕೂಸನ್ನು ಎತ್ತಿಕೊಳ್ಳಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಭಾನುವಿನಿಂದ ದೂರ ನಿಂತು, "ಅವ್ವ ಬರೋ ಶುಕ್ರವಾರ ಹೂವ ತತ್ತಾಳಂತೆ" ಅಂದ.

"ಯಾವ ಹೂವ?"

"ನಿಂಗೆ ಮುಡ್ಸಕ್ಕೆ."

ಭಾನು ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಹಾಕಿದಳು. "ಅತ್ತೆಗೆ ನಾನು ಅವತ್ತೇ ಬ್ಯಾಡ ಅಂದಿದ್ದೆ."

"ನೀನು ಬ್ಯಾಡ ಅಂದದ್ದು ಆಗ. ಈಗ ಜಗಲಿ ಮೇಲೆ ಬಾವನ್ ಪಕ್ಕ ಕೂತು ಓದ್ತಾಳೆ, ನಾಚ್ಕೆಗೆ ಬಾಯಲ್ಲಿ ಹೇಳಕಿಲ್ಲ, ಹಿಂಗ್ ತೋರ್ಸವ್ಳೆ ಅಂತ ಅವ್ವ ಅಂತಾಳೆ. ನಿಮ್ ಬೀದಿಯವ್ರೂ ಅಂಗೇ ಹೇಳವ್ರೆ."

"ನಾನು ಕಲ್ಸಿದ್ದು ನೀವೊಬ್ರೇ ಓದ್ಲಿ ಅಂತ ಬಾವ! ನನ್ ಬುಟ್ಬುಡ್ಲಿ ಅಂತ!"

"ನಂಗೊತ್ತು." ಅವನು ಬೇಲಿಯ ಕಡೆ ನೋಡಿದ. "ನಾನು ಅವ್ವನ್ಗೆ ಹೇಳ್ದೆ, ಕೇಳ್ಲಿಲ್ಲ. ಬೇಗೂರಿಂದ ಹೆಣ್ಣಿನ ಕಡೆಯವ್ರು ಬಂದು ನೋಡ್ಕಂಡ್ ಹೋದ್ರು. ಹುಡ್ಗ ಆಗ್ಬೋದು, ಕೂಸು ಬ್ಯಾಡ ಅಂದ್ರು. ಭಾನೂನೂ ಒಪ್ದಿದ್ರೆ ಕೂಸ್ನ ತಾಳವಾಡಿಲಿರೋ ನಮ್ ಚಿಕ್ಕಮ್ಮನ್ಗೆ ಕೊಟ್ಬುಡ್ತೀನಿ, ಅವ್ಳಿಗೆ ಮಕ್ಕಳಿಲ್ಲ ಅಂತ ಅವ್ವ ಅಲ್ಲಿಗೆ ಹೇಳಿಯೂ ಕಳ್ಸವ್ಳೆ."

"ನೀವು ಏನಂದ್ರಿ?"

"ಡ್ಯೂಟಿಗೆ ಹೊತ್ತಾಗಿತ್ತು. ಹೋದೆ."

ಅವನು ಕೆಟ್ಟವನಲ್ಲ. ಬಾವಿಯಿಂದ ಎರಡು ಕೊಡ ನೀರು ಸೇದಿ, ಅವಳ ಒಗೆಯುವ ಕಲ್ಲಿನ ಪಕ್ಕ ಇಟ್ಟು ಹೋದ.

ಸಂಜೆ ಮನೆಯಲ್ಲಿ ಯಾರ ಊಟವೂ ಸರಿಯಾಗಿ ಆಗಲಿಲ್ಲ.

"ಬುಡು ಮಲ್ಲಿಗ," ಅಂದ ಮಾರಯ್ಯ. "ಓದ್ಲಿ. ಮಗಳು ಟೀಚರ್ ಆಯ್ತಾಳೆ ಅಂತ ಊರ್ಗೆಲ್ಲ ಹೇಳಿದ್ದೀನಿ."

"ಕುಮಾರಿ ಕೂಸ್ನ ತಾಳವಾಡಿಗೆ ಕಳ್ಸಿ ಓದ್ಸು ಅಂತೀಯಾ?"

"ನಾನೇ ಸಾಕ್ತೀನವ್ವ," ಅಂದಳು ಭಾನು. "ಮದ್ವೆ ಇಲ್ದೆ. ಇಲ್ಲೇ."

"ಅಪ್ಪ ಇರೋ ಕೂಸ್ನ ನಿಂಗೆ ಯಾರ್ ಬುಟ್ಟಾರು? ನೀನು ಕಾಲೇಜ್ಗೆ ಹೋದ್ರೆ ನಾನು ಕೂಲಿ ಬುಟ್ಟು ಕೂರ್ಬೇಕು. ಕೂತ್ರೆ ಉಣ್ಣಾದೇನ? ನಾಳೆ ನಿನ್ ಕಟ್ಕಳಾಕೆ ಬಂದೋನು ಇದ್ಯಾರ್ ಕೂಸು ಅಂದ್ರೆ ಏನ್ ಹೇಳೀಯೆ?"

"ನನ್ನಕ್ಕಂದು ಅಂತೀನಿ."

"ಅಂದು ನೋಡು."

"ನಿಂಗೂ ಇದೇ ಬೇಕಾಗಿತ್ತಾ ಅವ್ವ? ಅವತ್ತು ಬಾಗ್ಲಲ್ಲಿ ನಿಂತು ಎಲ್ಲಾ ಕಂಡೆ. ಒಂದ್ ಮಾತು ಹೇಳ್ಲಿಲ್ಲ."

ಮಲ್ಲಿಗಮ್ಮ ಒಲೆಯ ಬೂದಿ ಕೆದಕಿದಳು. "ಒಬ್ಳು ಹೋದ್ಲು. ಅವ್ಳ ಕೂಸೂ ಕಣ್ಣಿಂದ ಹೋಗ್ಬುಟ್ರೆ ನಾನ್ ಹೆಂಗಿರನಮ್ಮಿ?" ಎಂದಳು. ಮಾರಯ್ಯ ತನ್ನ ತಟ್ಟೆಯಲ್ಲಿದ್ದ ಒಣಮೀನಿನ ತುಂಡನ್ನು ಎತ್ತಿ ಭಾನುವಿನ ತಟ್ಟೆಗೆ ಹಾಕಿದ.

ಉಳಿದಿದ್ದ ಒಂದು ಆಸೆಯೆಂದರೆ ಚಂದ್ರಮತಿ. ಅವಳು ಮರಿತಾಯಮ್ಮನಿಗೆ ಫೋನು ಮಾಡಿ, ಹುಡುಗಿ ಓದುವವಳು, ಕೂಸಿಗೆ ಯಾರು ಓದಿ ಹೇಳಿದರೂ ಆಗುತ್ತದೆ ಎಂದೆಲ್ಲ ವಿವರಿಸಿದಳು. ಆ ಕಡೆಯಿಂದ ಮರಿತಾಯಮ್ಮ ಪೂರ್ತಿ ಕೇಳಿಸಿಕೊಂಡು, "ನಮ್ಮನೇಲೂ ಓದ್ಲಿ ತಾಯಿ, ಯಾರ್ ಬ್ಯಾಡ ಅಂದೋರು?" ಎಂದಳಂತೆ. ಚಂದ್ರಮತಿ ಭಾನುವಿನ ಎರಡೂ ಕೈ ಹಿಡಿದುಕೊಂಡಳು. "ಆ ಪುಸ್ತಕ ವಾಪಸ್ ಕೊಡಬೇಡಮ್ಮ, ಇಟ್ಕೊ" ಎಂದಳು. ಅವಳಿಂದ ಆಗುವುದು ಅಷ್ಟೇ ಇತ್ತು.

*

ಶುಕ್ರವಾರ ಗುಂಡ್ಲುಪೇಟೆಯಿಂದ ಒಂದು ವ್ಯಾನಿನಲ್ಲಿ ಬಂದರು. ಹೂವು, ಹಣ್ಣು, ಸೀರೆ, ಎಲೆಅಡಿಕೆ. ಬೀದಿಯ ಹೆಂಗಸರೆಲ್ಲ ಸೇರಿದರು. ಮಲ್ಲಿಗಮ್ಮ ಕೋಳಿ ಸಾರು ಮಾಡಿದ್ದಳು.

"ಬಾರವ್ವ ಭಾನು, ಮಣೆ ಮೇಲೆ ಕೂತ್ಕ" ಅಂದಳು ಮರಿತಾಯಮ್ಮ.

ಭಾನುವನ್ನು ಯಾರೂ ಎಳೆಯಲಿಲ್ಲ. ಅವಳು ಕೂಸನ್ನು ನೋಡಿದಳು. ಅದು ಹಳದಿ ಫ್ರಾಕು ಹಾಕಿಕೊಂಡು ಯಾರದೋ ಸೊಂಟದ ಮೇಲೆ ಕೂತು, ಮಲ್ಲಿಗೆಯ ದಂಡೆಯ ಕಡೆ ಕೈ ಚಾಚುತ್ತಿತ್ತು. ತನ್ನ ಅಪ್ಪನನ್ನು ನೋಡಿದಳು, ಅವನು ವ್ಯಾನಿನ ಡ್ರೈವರಿಗೆ ನೀರು ಕೊಡುತ್ತಿದ್ದ. ಶಾಂತರಾಜುವನ್ನು ನೋಡಿದಳು, ಅವನು ನೆಲ ನೋಡುತ್ತಿದ್ದ. ಹೋಗಿ ಕೂತಳು. ಮರಿತಾಯಮ್ಮ ಹೂ ಮುಡಿಸಿ, ಅವಳ ಕೆನ್ನೆ ಸವರಿ, ನಿಜವಾದ ಪ್ರೀತಿಯಿಂದಲೇ ಅತ್ತಳು.

"ಪರೀಕ್ಷೆ?" ಎಂದು ಯಾರೋ ಕೇಳಿದರು.

"ಬರ್ಕಳ್ಲಿ! ಗಂಡನೇ ಡ್ರೈವರ್ರು, ಬಸ್ಸಿಗೇನ್ ಬರ?" ಎಂದಳು ಮರಿತಾಯಮ್ಮ. ಎಲ್ಲರೂ ನಕ್ಕರು. "ಬೆಳಿಗ್ಗೆ ಎದ್ದು ಎಮ್ಮೆ ಕರೆದು, ಹಿಟ್ಟು ಮಾಡಿಟ್ಟು, ಕೂಸ್ಗೆ ನೀರ್ ಹುಯ್ದು ಹೊಂಟ್ರೆ ಆಯ್ತು. ನಂಗೆ ಮೊಣಕಾಲೊಂದು ಇಲ್ದಿದ್ರೆ ಅಷ್ಟೂ ಹೇಳ್ತಿರ್ಲಿಲ್ಲ ಕಣವ್ವ."

ಭಾನು ತಲೆಯಾಡಿಸಿದಳು. ಪರೀಕ್ಷೆಯ ಮಾತು ಅಲ್ಲಿಗೇ ಮುಗಿಯಿತು.

ವ್ಯಾನು ಹೋದಾಗ ಬಿಸಿಲು ಇಳಿದಿತ್ತು. ಹಿತ್ತಲಿನ ಕಲ್ಲಿನ ಮೇಲೆ ತಟ್ಟೆ, ಲೋಟ, ಕೋಳಿ ಸಾರಿನ ದೊಡ್ಡ ಪಾತ್ರೆ ಗುಡ್ಡೆಯಾಗಿ ಬಿದ್ದಿದ್ದವು. ಭಾನು ಸೀರೆ ಬದಲಿಸಿ ಹಳೆಯ ಚೂಡಿದಾರ ಹಾಕಿಕೊಂಡು ಬಂದಳು. ಮಲ್ಲಿಗಮ್ಮ ಆಗಲೇ ಕೂತು ಬೂದಿ ಹಾಕಿ ಉಜ್ಜುತ್ತಿದ್ದಳು. ಮಗಳನ್ನು ಕಂಡು ಕೈ ನಿಲ್ಲಿಸಿದಳು.

"ನಾನ್ ತೊಳ್ಕತೀನಿ ಬುಡಮ್ಮಿ. ನೀನ್ ಹೋಗಿ ಓದ್ಕೊ."

ಹುಟ್ಟಿದಾಗಿನಿಂದ ಆ ತಾಯಿಯ ಬಾಯಲ್ಲಿ ಅಂಥ ಮಾತನ್ನು ಭಾನು ಕೇಳಿರಲಿಲ್ಲ. ಅವಳು ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ದೊಡ್ಡ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

"ತಳ ಹಿಡ್ದದ ಕಣವ್ವ. ನಿನ್ ಒಬ್ಳ ಕೈಲಿ ಆಗಕಿಲ್ಲ."